ಕರ್ಟಿಸ್ ಸಾಹೇಬರ ರೈನ್ ಚೆಕ್

"ನೋಡ್ತಾ ಇರು ಉಮಾ! ಅಮೆರಿಕದವರ ಇಂಗ್ಲಿಷ್ ಅಂದ್ರೆ ಎಲ್ಲರಿಗೂ ಕಬ್ಬಿಣದ ಕಡಲೆ. ನಾನು ಅದನ್ನು ಹುರಿಗಡಲೆ ಮಾಡಿ, ಕಿಸೆಗೆ ಹಾಕ್ಕೊಂಡು, ಆಫೀಸಿಡೀ ತಿರುಗ್ತಾ ತಿನ್ನದಿದ್ರೆ ನನ್ನ ಹೆಸರು ಸರ್ವೋತ್ತಮನೇ ಅಲ್ಲ!"

ಬಹರೇನಿನ ಸೆಗಯಾದ ಬಾಡಿಗೆ ಫ್ಲ್ಯಾಟಿನ ಅಡುಗೆಮನೆ ಬಾಗಿಲಲ್ಲಿ ನಿಂತು ಗಂಡ ಹೀಗೆ ಭೀಷ್ಮ ಪ್ರತಿಜ್ಞೆ ಮಾಡುವಾಗ ಉಮಾವತಿ ಬಂಗುಡೆ ಮೀನಿನ ಹೊಟ್ಟೆ ಸೀಳುತ್ತಿದ್ದಳು. ತಲೆ ಎತ್ತದೆಯೇ, "ಹಲ್ಲು ಜಾಗ್ರತೆ," ಎಂದಳು.

ಪ್ರತಿಜ್ಞೆಗೆ ಕಾರಣವಿತ್ತು. ಸರ್ವೋತ್ತಮ ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ವಿಮಾ ಕಂಪನಿಯಲ್ಲಿ ಆಡಳಿತ ವಿಭಾಗದ ಮ್ಯಾನೇಜರ್. ಇಷ್ಟು ವರ್ಷ ಅಲ್ಲಿ ದೊಡ್ಡ ಕುರ್ಚಿಯಲ್ಲಿದ್ದವರು ಒಬ್ಬ ಬ್ರಿಟಿಷ್ ಮುದುಕರು. ಅವರ ಇಂಗ್ಲಿಷ್ ಇಸ್ತ್ರಿ ಹಾಕಿದ ಅಂಗಿಯ ಹಾಗೆ. ಎಲ್ಲಿಯೂ ಸುಕ್ಕಿಲ್ಲ, ಎಲ್ಲರಿಗೂ ಅರ್ಥ. ಅವರು ನಿವೃತ್ತರಾಗಿ ಹೋದದ್ದೇ ತಡ, ಕರ್ಟಿಸ್ ಸಾಹೇಬರು ಬಂದರು. ಬಾಗಿಲಲ್ಲಿ ತಲೆ ತಗ್ಗಿಸಬೇಕಾದಷ್ಟು ಎತ್ತರ, ಗಾಜು ಅದುರುವಷ್ಟು ಜೋರು ನಗು, ಅಪ್ಪಟ ಅಮೆರಿಕನ್. ಅವರ ಬಾಯಿಂದ ಬರುವ ಒಂದೊಂದು ಶಬ್ದವೂ ಎಲ್ಲರಿಗೂ ಗೊತ್ತಿರುವ ಶಬ್ದವೇ. ಆದರೆ ಅವೆಲ್ಲ ಸೇರಿ ಒಂದು ವಾಕ್ಯವಾದ ಕೂಡಲೇ, ಅರ್ಥ ದೇವರಿಗೇ ಪ್ರೀತಿ!

ಮೊದಲ ಮೀಟಿಂಗಿನ ಕೊನೆಗೆ ಸಾಹೇಬರು ಮೇಜು ತಟ್ಟಿ, "ಲೆಟ್ಸ್ ಕಾಲ್ ಇಟ್ ಎ ಡೇ!" ಎಂದರು. ಯಾರೂ ಅಲುಗಲಿಲ್ಲ. ಯಾರನ್ನು ಕಾಲ್ ಮಾಡುವುದು? ಯಾವ ಡೇ? ಅಕೌಂಟ್ಸ್‌ನ ಯುಸ್ಟೇಸ್ ಪೆನ್ನು ಬಾಯಲ್ಲಿಟ್ಟುಕೊಂಡು ಚಾವಣಿ ನೋಡಿದ. ಆ ಹೊತ್ತಿಗೆ ಸರಿಯಾಗಿ, ಬಹಳ ಹೊತ್ತಿನಿಂದ ಹಲ್ಲುಕಚ್ಚಿ ತಡೆದುಕೊಂಡಿದ್ದ ಜಲಬಾಧೆ ಇನ್ನು ತಡೆಯದೆ ಸರ್ವೋತ್ತಮ ಎದ್ದು ನಿಂತ. ಸಾಹೇಬರು ಅವನ ಬೆನ್ನು ತಟ್ಟಿ ಹೊರಟೇಬಿಟ್ಟರು. ಇವತ್ತಿಗೆ ಇಷ್ಟು ಸಾಕು, ಏಳಿ ಎಂಬುದು ಅದರ ಅರ್ಥವೆಂದು ಎಲ್ಲರಿಗೂ ತಿಳಿದದ್ದು ಆಮೇಲೆ. ಅಂಥ ತುಂಬಿದ ಸಭೆಯಲ್ಲಿ ಅರ್ಥ ಮಾಡಿಕೊಂಡವನು ಸರ್ವೋತ್ತಮ ಒಬ್ಬನೇ!

"ನಿನಗೆ ಹೇಗೆ ಗೊತ್ತಾಯ್ತು ಮಾರಾಯ?" ಎಂದು ಯುಸ್ಟೇಸ್ ಬೆರಗಾಗಿ ಕೇಳಿದ.

"ಸ್ಲ್ಯಾಂಗ್ ಅಂದ್ರೆ ಹಾಗೆ ಯುಸ್ಟೇಸ್. ಅದು ಒಳಗಿಂದ ಬರ್ಬೇಕು," ಎಂದ ಸರ್ವೋತ್ತಮ. ಸುಳ್ಳೇನೂ ಹೇಳಲಿಲ್ಲ.

ಅಂದಿನಿಂದ ಆಫೀಸಿಗೆ ಅವನೇ ಸ್ಲ್ಯಾಂಗ್ ಪಂಡಿತ. ಪಂಡಿತನ ಸಿದ್ಧಾಂತ ಒಂದೇ: ಅಮೆರಿಕದವರು ಹೇಳಿದ್ದನ್ನು ಹೇಳಿದ ಹಾಗೆ ತೆಗೆದುಕೊಳ್ಳಬಾರದು, ಒಳಗೆ ಬೇರೆ ಇರುತ್ತದೆ. ಒಂದು ದಿನ ಸಾಹೇಬರು ಫೈಲು ಹಿಡಿದು ಓಡುತ್ತಿದ್ದ ಜುವೈರಿಯಾಗೆ, "ಹೋಲ್ಡ್ ಯುವರ್ ಹಾರ್ಸಸ್!" ಎಂದರು. ಸ್ವಲ್ಪ ತಾಳು ಅಂತ ಅಷ್ಟೇ. ಆದರೆ ಜುವೈರಿಯಾಳ ಅಣ್ಣನ ಬಳಿ ನಿಜವಾಗಿಯೂ ಕುದುರೆಗಳಿದ್ದವು! ಅವಳು ಗಾಬರಿಯಿಂದ ಪಂಡಿತನ ಬಳಿ ಬಂದಳು. ಪಂಡಿತ ಕಣ್ಣು ಮುಚ್ಚಿ ಯೋಚಿಸಿ, "ಕುದುರೆ ಈಗ ಮಾರ್ಬೇಡಿ ಅಂತಿದ್ದಾರೆ. ಬೆಲೆ ಏರ್ಲಿಕ್ಕುಂಟು," ಎಂದ. ಅಣ್ಣ ಮಾರಲಿಲ್ಲ. ಬೆಲೆ ಏರಿತು! ಮುಹರಕ್‌ನ ಅಣ್ಣನ ಮನೆಯಿಂದ ಪಂಡಿತನ ಮೇಜಿಗೆ ದೊಡ್ಡ ಡಬ್ಬಿ ಹಲ್ವಾ ಬಂತು. ತಪ್ಪು ಅರ್ಥಕ್ಕೇ ಇಷ್ಟು ಸಿಹಿ ಸಿಗುವಾಗ ಸರಿ ಅರ್ಥ ಯಾರಿಗೆ ಬೇಕು!

ಆದರೆ ಸೆಪ್ಟೆಂಬರಿನಲ್ಲಿ ಒಂದು ಕಹಿ ಮಾತು ಬಂತು. ಮೀಟಿಂಗಿನಲ್ಲಿ ಸಾಹೇಬರು ಗಡಿಯಾರ ನೋಡಿ, "ಓಕೆ, ಕಟ್ ಟು ದ ಚೇಸ್!" ಎಂದು ಸರ್ವೋತ್ತಮನ ಕಡೆಗೆ ಬೆರಳು ತೋರಿಸಿದರು. ಕಟ್ ಅಂದರೆ ಕತ್ತರಿಸುವುದು. ಚೇಸ್ ಅಂದರೆ ಅಟ್ಟಿಸಿಕೊಂಡು ಹೋಗುವುದು. ಬೆರಳು ತನ್ನ ಕಡೆಗೆ!

ಅಂದು ಸಂಜೆ ಅವನು ಅನ್ನ ಕಲಸಿದ್ದು ಬಿಟ್ಟರೆ ಉಣ್ಣಲಿಲ್ಲ. "ಆಡಳಿತದಲ್ಲಿ ಕೆಲವರನ್ನು ಕತ್ತರಿಸಿ ಊರಿಗೆ ಓಡಿಸ್ತಾರೆ ಉಮಾ. ಮೊದಲ ತಲೆ ನಂದು."

ಉಮಾವತಿ ಪಾತ್ರೆಯ ಮುಚ್ಚಳವನ್ನು ಟಪ್ಪೆಂದು ಮುಚ್ಚಿದಳು. "ಅವರನ್ನು ಊಟಕ್ಕೆ ಕರೀರಿ. ನಮ್ಮ ಮನೆಯಲ್ಲಿ ಹೊಟ್ಟೆ ತುಂಬ ಉಂಡವರು ನಮ್ಮ ಹೊಟ್ಟೆಗೆ ಹೊಡೆಯುದಿಲ್ಲ. ಕೋರಿ ರೊಟ್ಟಿ ಮಾಡ್ತೇನೆ, ಗರಿಗರಿ ರೊಟ್ಟಿಗೆ ಬಿಸಿ ಕೋಳಿ ಗಸಿ."

ಮರುದಿನ ಸರ್ವೋತ್ತಮ ಧೈರ್ಯ ಮಾಡಿ ಕರೆದ. ಸಾಹೇಬರು ಎದೆಗೆ ಕೈಯಿಟ್ಟು, ಬಹಳ ಸಂತೋಷ, ಬಹಳ ಸಂತೋಷ ಎಂದರು. ಕೊನೆಗೆ, "ಕ್ಯಾನ್ ಐ ಟೇಕ್ ಎ ರೈನ್ ಚೆಕ್?" ಎಂದು ಕೇಳಿದರು. "ಶ್ಯೂರ್ ಸರ್, ಶ್ಯೂರ್!" ಎಂದು ಪಂಡಿತ ಕೈ ಕುಲುಕಿ ಬಂದ.

"ಯಾವಾಗ ಬರುದಂತೆ?" ಉಮಾವತಿ ಬಾಗಿಲಲ್ಲೇ ಕೇಳಿದಳು.

"ಮಳೆ ಬಂದಾಗ."

"ಎಂತ?"

"ರೈನ್ ಚೆಕ್ ಅಂತ ಹೇಳಿದ್ದಾರೆ. ಅಂದ್ರೆ ಮಳೆ ನೋಡ್ಕೊಂಡು ಬರ್ತೇನೆ ಅಂತ. ಪಾಪ, ಅವರದ್ದು ಮಳೆಯ ಊರು ಇರ್ಬೇಕು. ಈ ಮರಳಲ್ಲಿ ಕೂತು ಮಳೆಗೆ ಆಸೆ ಆಗಿದೆ. ಮಳೆ ಬರುವಾಗ ಬಿಸಿ ಬಿಸಿ ಊಟ! ಎಷ್ಟು ರಸಿಕರು ನೋಡು!"

"ಮಾರಾಯ್ರೆ, ಇದು ಬಹರೇನ್! ಇಲ್ಲಿ ಮಳೆ ಬರುದು ಮಾವ ಮನೆಗೆ ಬಂದ ಹಾಗೆ. ವರ್ಷಕ್ಕೊಮ್ಮೆ, ಅದೂ ಹೇಳದೆ!"

"ಹಾಗಾದ್ರೆ ತಯಾರಾಗಿರು," ಎಂದ ಪಂಡಿತ.

ಅಲ್ಲಿಂದ ಉಮಾವತಿಯ ತಪಸ್ಸು ಶುರುವಾಯಿತು. ಬೆಳಿಗ್ಗೆ ಎದ್ದು ದೇವರಿಗೆ ದೀಪ ಹಚ್ಚುವ ಮೊದಲು ಕಿಟಕಿಯಿಂದ ಆಕಾಶ ನೋಡುವುದು. ಸೆಪ್ಟೆಂಬರಿನ ಮನಾಮದಲ್ಲಿ ಮೇಲಿನಿಂದ ಬೀಳುವುದು ಬಿಸಿಲು, ಬಿಟ್ಟರೆ ಪಕ್ಕದವರ ಎಸಿಯ ನೀರು. ಒಮ್ಮೆ ಕಿಟಕಿಯ ಮೇಲೆ ಟಪಟಪ ಸದ್ದಾಗಿ, ಕೋಳಿಯನ್ನು ಫ್ರೀಜರಿನಿಂದ ಹೊರಗಿಟ್ಟೇ ಬಿಟ್ಟಿದ್ದಳು. ನೋಡಿದರೆ ಎಸಿ! ಊರಿನಿಂದ ಬಂದ ಒಣ ರೊಟ್ಟಿಯ ಪ್ಯಾಕೆಟ್ಟುಗಳನ್ನು ಅಟ್ಟದ ಮೇಲೆ ಹತ್ತಿಸಿದಳು. ಸರ್ವೋತ್ತಮ ಒಂದು ದಿನ ಆಸೆಯಿಂದ ಕೈ ಹಾಕಿದಾಗ, "ಅದು ಮಳೆಯ ರೊಟ್ಟಿ! ಮುಟ್ಟಿದ್ರೆ ಜಾಗ್ರತೆ!" ಎಂದು ಸೌಟು ಎತ್ತಿದಳು. ಅಕ್ಟೋಬರ್ ಕಳೆಯಿತು. ಮೋಡ ಒಂದು ಬಂದು, ಸೆಗಯಾವನ್ನು ಮೇಲಿನಿಂದ ನೋಡಿ, ಮನಸ್ಸಿಗೆ ಬಾರದೆ ಸೌದಿಯ ಕಡೆಗೆ ಹೋಯಿತು.

ಕೊನೆಗೂ ನವೆಂಬರ್ ಮುಗಿಯುವ ಹೊತ್ತಿಗೆ, ಶುಕ್ರ ಶನಿ ರಜೆಯಿರುವ ಆ ಊರಿನ ಒಂದು ಶುಕ್ರವಾರ ಬೆಳಿಗ್ಗೆ, ಬಂತು! ಬಂದದ್ದೆಂದರೆ ಎಂಥ ಬಂದದ್ದು! ಗುಡುಗು, ಸಿಡಿಲು, ಅಡ್ಡಮಳೆ. ಚರಂಡಿಗೆ ಅಭ್ಯಾಸವಿಲ್ಲದ ಬೀದಿಗಳು ಅರೆಗಳಿಗೆಯಲ್ಲಿ ಕೆರೆಗಳಾದವು. ಕಾರುಗಳು ಎಮ್ಮೆಗಳಂತೆ ಮೂತಿ ಮಾತ್ರ ಹೊರಗಿಟ್ಟು ನಿಂತವು. ಊರಿಗೆ ಊರೇ ಅಯ್ಯೋ ಎನ್ನುತ್ತಿರುವಾಗ ಸೆಗಯಾದ ಒಂದು ಫ್ಲ್ಯಾಟಿನಲ್ಲಿ ಮಾತ್ರ ಹರ್ಷೋದ್ಗಾರ!

"ಬಂತು! ಬಂತು! ಸಾಹೇಬರಿಗೆ ಫೋನ್ ಮಾಡಿ! ನಾನು ತೆಂಗಿನಕಾಯಿ ಹುರೀತೇನೆ!"

ಮಸಾಲೆ ಅರೆದು, ಗಸಿ ಕುದಿದು, ಮನೆಯಿಡೀ ಘಮ್ಮೆನ್ನುವ ಹೊತ್ತಿಗೆ ಸರ್ವೋತ್ತಮನಿಗೆ ಲೈನು ಸಿಕ್ಕಿತು. "ಸರ್! ರೈನ್! ರೈನ್ ಹ್ಯಾಸ್ ಕಮ್!"

ಆ ಕಡೆಯಿಂದ ಗಾಳಿ ಮಳೆಯ ಸದ್ದಿನ ನಡುವೆ ಸಾಹೇಬರು ಕೂಗಿದರು: "ಟೆಲ್ ಮೀ ಅಬೌಟ್ ಇಟ್!"

ನನಗೇ ಹೇಳ್ತೀಯಾ, ಅನುಭವಿಸ್ತಾ ಇದ್ದೇನೆ ಎನ್ನುವುದಕ್ಕೆ ಅಮೆರಿಕದವರು ಹಾಗೆ ಹೇಳುತ್ತಾರೆ. ಪಂಡಿತ ಮಾತ್ರ ಮಳೆಯ ಬಗ್ಗೆ ಹೇಳು ಎಂದೇ ತಿಳಿದ. ಬಾಸ್ ಕೇಳಿದ ಮೇಲೆ ಹೇಳದಿರುವುದುಂಟೇ? ಗಂಟಲು ಸರಿಮಾಡಿಕೊಂಡು, ಮೋಡ ಮೊದಲು ಯಾವ ಕಡೆಯಿಂದ ಬಂತು, ಆಮೇಲೆ ಗಾಳಿ ಹೇಗೆ ತಿರುಗಿತು, ಹನಿ ನೆಲ್ಲಿಕಾಯಿಯಷ್ಟು ದಪ್ಪವೋ ಹುಣಸೆಬೀಜದಷ್ಟೋ, ಎಲ್ಲವನ್ನೂ ವಿವರವಾಗಿ ವರದಿ ಒಪ್ಪಿಸಿದ.

ಆಮೇಲೆ ಸಾಹೇಬರ ಬೊಬ್ಬೆ. ನೆಟ್‌ವರ್ಕ್ ನಡುನಡುವೆ ತಿಂದು ತೇಗಿ ಉಳಿದದ್ದನ್ನು ಬಿಟ್ಟಿತು: "...ಐಯಾಮ್ ಸ್ಟಕ್... ಸೆಗಯಾ... ನಿಯರ್ ಯುವರ್ ಪ್ಲೇಸ್... ಇನ್ ಎ ಪಿಕಲ್... ಇಟ್ಸ್ ಬನಾನಾಸ್ ಹಿಯರ್... ರಿಯಲ್ ಜಾಮ್... ಕಾರ್... ಟೋಸ್ಟ್!... ಗಿವ್ ಮೀ ಎ ಹ್ಯಾಂಡ್!" ಕಟ್.

ಸರ್ವೋತ್ತಮ ಫೋನ್ ಇಳಿಸಿದಾಗ ಅವನ ಮುಖದಲ್ಲಿ ದಿಗ್ವಿಜಯದ ಕಳೆ. "ಬರ್ತಾ ಇದ್ದಾರೆ! ಸೆಗಯಾಕ್ಕೆ ಮುಟ್ಟಿಯೇ ಆಯ್ತು! ಸ್ಟಕ್ ಅಂದ್ರು."

"ಸ್ಟಕ್ ಅಂದ್ರೆ ಸಿಕ್ಕಿಬಿದ್ದದ್ದಲ್ವಾ?"

"ಅದು ನಿಮ್ಮ ಶಾಲೆಯ ಇಂಗ್ಲಿಷ್! ಸ್ಟಕ್ ಅಂದ್ರೆ ಅಂಟಿಕೊಂಡದ್ದು. ಕೊಟ್ಟ ಮಾತಿಗೆ ಅಂಟಿಕೊಂಡಿದ್ದೇನೆ ಅಂತ. ಗಿವ್ ಮೀ ಎ ಹ್ಯಾಂಡ್, ಅಂದ್ರೆ ಕೈ ಕೊಡುವ ವಿಷಯ. ಊಟಕ್ಕೆ ಕರೆದು ಕೊನೆಗೆ ಕೈ ಕೊಡ್ಬೇಡ ಅಂತ ಇರ್ಬೇಕು."

"ಅಷ್ಟಕ್ಕೆ ಅಷ್ಟು ಬೊಬ್ಬೆಯಾ?"

"ಹಸಿವು! ತಿನ್ಲಿಕ್ಕೆ ಎಂತೆಲ್ಲ ಬೇಕು ಅಂತಲೂ ಹೇಳಿದ್ರು. ಪಿಕಲ್ ಬೇಕಂತೆ."

"ಮಿಡಿ ಉಪ್ಪಿನಕಾಯಿ ಉಂಟು." ಉಮಾವತಿಯ ಮುಖ ಅರಳಿತು.

"ಬಾಳೆಹಣ್ಣು. ಆಮೇಲೆ... ಟೋಸ್ಟ್. ಜಾಮ್."

ಒಲೆಯ ಮೇಲೆ ಗಸಿ ಕೊತಕೊತ ಕುದಿಯುತ್ತಿತ್ತು. ಉಮಾವತಿಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. "ಜಾಮಾ? ಟೋಸ್ಟಾ? ನಾನು ಸೆಪ್ಟೆಂಬರಿನಿಂದ ಆಕಾಶ ನೋಡಿ ನೋಡಿ ಕತ್ತು ಉಳುಕಿಸ್ಕೊಂಡದ್ದು ಒಬ್ಬನಿಗೆ ಬ್ರೆಡ್ಡಿಗೆ ಜಾಮ್ ಹಚ್ಚಿ ಕೊಡ್ಲಿಕ್ಕಾ?" ಅವಳ ಕಣ್ಣು ತುಂಬಿತು. ಈರುಳ್ಳಿಯಿಂದಲ್ಲ. "ಹೋಗಿ! ತಂದು ಹಾಕಿ! ತಿನ್ಲಿ!"

ಪಂಡಿತ ಪ್ಯಾಂಟು ಮಡಚಿ, ಚಪ್ಪಲಿ ಕಂಕುಳಲ್ಲಿಟ್ಟು, ಮೊಣಕಾಲು ಮಟ್ಟದ ನೀರಿಗಿಳಿದ. ಮೂಲೆಯ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯಲ್ಲಿ ಉಪ್ಪಳದ ಅಬ್ದುಲ್ ಅಜೀಜ್ ಸ್ಟೂಲಿನ ಮೇಲೆ ನಿಂತು ಅಕ್ಕಿಚೀಲಗಳನ್ನು ಮೇಲೇರಿಸುತ್ತಿದ್ದ.

"ಬಾಳೆಹಣ್ಣು ಒಂದು ಚಿಪ್ಪು ಕೊಡು ಅಜೀಜ್. ಜಾಮ್ ಒಂದು ಬಾಟ್ಲಿ."

"ಈ ಪ್ರಳಯದಲ್ಲಿ ಬಾಳೆಹಣ್ಣಾ ಸರ್ವೋತ್ತಮಣ್ಣ? ಮನೆಯಲ್ಲಿ ಎಂತ, ಪೂಜೆಯಾ?"

"ಅಮೆರಿಕದವರು ಬರ್ತಾರೆ. ಟೋಸ್ಟ್ ಸಹ ಬೇಕು."

"ಟೋಸ್ಟ್ ಅಂದ್ರೆ ಬ್ರೆಡ್ಡಾ, ರಸ್ಕಾ?"

ಪಂಡಿತನಿಗೆ ಮೊದಲ ಬಾರಿ ಸಂಶಯ ಬಂತು. "ಎರಡೂ ಕೊಡು."

ಬ್ರೆಡ್ಡು ತಲೆಯ ಮೇಲೆ, ಬಾಳೆಹಣ್ಣು ಹೆಗಲ ಮೇಲೆ, ರಸ್ಕು ಅಂಗಿಯೊಳಗೆ, ಜಾಮ್ ಬಾಟ್ಲಿ ಎತ್ತಿ ಹಿಡಿದ ಕೈಯಲ್ಲಿ. ಸಮುದ್ರಮಥನ ಮುಗಿಸಿ ಅಮೃತ ಹೊತ್ತು ಬರುವ ಧನ್ವಂತರಿಯ ಹಾಗೆ ಸರ್ವೋತ್ತಮ ಬೀದಿಯ ತಿರುವು ದಾಟಿದ. ಅಲ್ಲಿ, ತಗ್ಗಿನಲ್ಲಿ, ಒಂದು ದೊಡ್ಡ ಬಿಳಿ ಕಾರು ಬಾಗಿಲ ಹಿಡಿಯವರೆಗೆ ಮುಳುಗಿ ನಿಂತಿತ್ತು. ಅದರ ನೆತ್ತಿಯ ಮೇಲೆ, ಶೂಗಳನ್ನು ಕೊರಳಿಗೆ ನೇತುಹಾಕಿಕೊಂಡು, ಒದ್ದೆ ಕೊಕ್ಕರೆಯಂತೆ ಕೂತಿದ್ದವರು ಕರ್ಟಿಸ್ ಸಾಹೇಬರು!

ಹೋಟೆಲಿನ ಶುಕ್ರವಾರದ ಬ್ರಂಚಿಗೆ ಹೊರಟಿದ್ದ ಅವರನ್ನು ಫೋನಿನ ಮ್ಯಾಪು ಹತ್ತಿರದ ದಾರಿಯೆಂದು ಸೆಗಯಾದ ಗಲ್ಲಿಗೆ ತಂದು ಮುಳುಗಿಸಿತ್ತು. ಸರ್ವೋತ್ತಮನನ್ನು ಕಂಡದ್ದೇ ಅವರು ಎರಡೂ ಕೈ ಎತ್ತಿ, "ಥ್ಯಾಂಕ್ ಗಾಡ್! ಹಗ್ಗ ತಂದ್ಯಾ?" ಎಂದು ಇಂಗ್ಲಿಷಿನಲ್ಲಿ ಕೂಗಿದರು.

"ಜಾಮ್ ತಂದೆ ಸರ್!" ಎಂದು ಸರ್ವೋತ್ತಮ ಬಾಟ್ಲಿ ತೋರಿಸಿದ. "ಆಂಡ್ ಬನಾನಾಸ್. ಆಂಡ್ ಟೋಸ್ಟ್, ಟೂ ಟೈಪ್ಸ್. ಪಿಕಲ್ ಈಸ್ ಅಟ್ ಹೋಮ್."

ಸಾಹೇಬರು ಬಾಟ್ಲಿ ನೋಡಿದರು. ಬಾಳೆಹಣ್ಣು ನೋಡಿದರು. ತಲೆಯ ಮೇಲೆ ನೆನೆದು ಗಂಜಿಯಾಗುತ್ತಿದ್ದ ಬ್ರೆಡ್ಡು ನೋಡಿದರು. ತಾನು ಫೋನಿನಲ್ಲಿ ಏನು ಹೇಳಿದೆ ಎಂಬುದು ನಿಧಾನವಾಗಿ ಅವರ ತಲೆಗೆ ಇಳಿಯಿತು. ಆಮೇಲೆ ಹೊರಟ ನಗುವಿಗೆ ಅವರೇ ಕಾರಿನ ಮೇಲಿಂದ ಜಾರಿ ನೀರಿಗೆ ಬಿದ್ದರು.

ಹಗ್ಗ ಕೊನೆಗೆ ಅಬ್ದುಲ್ ಅಜೀಜ್‌ನ ಅಂಗಡಿಯಿಂದ ಬಂತು. ಕಾರು ಎಳೆಯಲು ಬೀದಿಯ ಗಂಡಸರೆಲ್ಲ ಬಂದರು. ಸ್ವಲ್ಪ ಹೊತ್ತಿನಲ್ಲಿ ಕರ್ಟಿಸ್ ಸಾಹೇಬರು ಸರ್ವೋತ್ತಮನ ಲುಂಗಿ ಉಟ್ಟು, ಅದು ಮೊಣಕಾಲಿಗೇ ಮುಗಿದು ಹೋಗಿ, ಉಮಾವತಿಯ ಊಟದ ಮೇಜಿನ ಮುಂದೆ ಕೂತಿದ್ದರು. ಉಮಾವತಿ ಬಿಮ್ಮನೆ ಮುಖ ಮಾಡಿಕೊಂಡು ಅವರ ಮುಂದೆ ಬ್ರೆಡ್ಡು ಜಾಮ್ ಇಟ್ಟಳು. ಸಾಹೇಬರು ಅದನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಮೂಗು ಅರಳಿಸಿ, ಒಲೆಯ ಮೇಲಿನ ಪಾತ್ರೆಯ ಕಡೆಗೆ ಬೆರಳು ತೋರಿಸಿದರು.

ಅವಳ ಕೋಪ ಅಲ್ಲಿಗೇ ಕರಗಿತು. ಗರಿಗರಿ ರೊಟ್ಟಿ ಮುರಿದು, ಮೇಲೆ ಕೆಂಪು ಗಸಿ ಸುರಿದಳು. ಸಾಹೇಬರು ಉಂಡರು. ಬೆವರಿದರು. ಮೂಗು ಒರೆಸಿದರು. ಮತ್ತೆ ಉಂಡರು. "ಇನ್ನೊಂಚೂರು?" ಎಂದು ಅವಳು ಕನ್ನಡದಲ್ಲಿ ಕೇಳಿದಳು. ಅವರು ತಟ್ಟೆ ಚಾಚಿದರು. ಭಾಷಾಂತರಕ್ಕೆ ಪಂಡಿತನನ್ನು ಯಾರೂ ಕರೆಯಲಿಲ್ಲ.

ಹೊಟ್ಟೆ ತುಂಬಿದ ಮೇಲೆ ಸಾಹೇಬರು ತಾವೇ ಬಿಡಿಸಿ ಹೇಳಿದರು. ಪಿಕಲ್ ಒಳಗಿದ್ದೇನೆ ಅಂದರೆ ಪೇಚಿಗೆ ಸಿಕ್ಕಿದ್ದೇನೆ ಅಂತ. ಜಾಮ್ ಅಂದರೂ ಅದೇ ಪೇಚು. ಬನಾನಾಸ್ ಅಂದರೆ ಎಲ್ಲ ಹುಚ್ಚಾಪಟ್ಟೆ. ಕಾರು ಟೋಸ್ಟ್ ಅಂದರೆ ಕಾರಿನ ಕಥೆ ಮುಗಿಯಿತು. ಕೈ ಕೊಡು ಅಂದರೆ ಸಹಾಯ ಮಾಡು.

"ಸ್ಟಕ್?" ಉಮಾವತಿ ಕೇಳಿದಳು.

"ಸ್ಟಕ್ ಈಸ್ ಸ್ಟಕ್, ಮ್ಯಾಮ್."

ಉಮಾವತಿ ಗಂಡನ ಕಡೆಗೆ ತಿರುಗಿದಳು. ಗಂಡ ಉಪ್ಪಿನಕಾಯಿ ಭರಣಿಯ ಕಡೆಗೆ ತಿರುಗಿದ.

"ಆಂಡ್ ರೈನ್ ಚೆಕ್?"

ಅವರ ಕಡೆ ಬೇಸ್‌ಬಾಲ್ ಆಟ ಮಳೆಗೆ ನಿಂತುಹೋದರೆ ಅದೇ ಟಿಕೆಟಿನಲ್ಲಿ ಇನ್ನೊಂದು ದಿನ ಆಟ ನೋಡಬಹುದಂತೆ. ಅದೇ ರೈನ್ ಚೆಕ್. ಈಗ ಬೇಡ, ಇನ್ನೊಮ್ಮೆ ಬರುತ್ತೇನೆ ಅನ್ನುವುದಕ್ಕೆ ಹಾಗೆ ಹೇಳುವುದು. ಅದಕ್ಕೂ ಆಕಾಶಕ್ಕೂ ಸಂಬಂಧವಿಲ್ಲ!

ಉಮಾವತಿ ಉಳುಕಿದ ಕತ್ತನ್ನು ನೀವಿಕೊಂಡಳು. "ಕೇಳಿದ್ರಾ ಪಂಡಿತರೇ?"

"ಅಲ್ಲ ಮಾರಾಯ್ತಿ," ಸರ್ವೋತ್ತಮ ಕೊನೆಯ ಹುಲ್ಲುಕಡ್ಡಿ ಹಿಡಿದ. "ಮಳೆ ಬಂದಾಗ ಬರ್ತಾರೆ ಅಂತ ನಾನು ಹೇಳಿದ್ದೆ. ಮಳೆ ಬಂತು. ಅವರೂ ಬಂದ್ರು. ನಾನು ಹೇಳಿದ್ದರಲ್ಲಿ ತಪ್ಪೆಲ್ಲುಂಟು?"

ಉಮಾವತಿಗೆ ಬೇರೆ ಪ್ರಶ್ನೆಯಿತ್ತು. ಇಷ್ಟು ದಿನ ನಿ‌ದ್ದೆ ಕೆಡಿಸಿದ ಪ್ರಶ್ನೆ. ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ಸಾಹೇಬರ ಕಣ್ಣಲ್ಲಿ ಕಣ್ಣಿಟ್ಟು ಕೇಳಿಯೇಬಿಟ್ಟಳು: "ಸಾರ್. ಯೂ ಕಟ್ ಮೈ ಹಸ್ಬೆಂಡ್? ಯೂ ಚೇಸ್ ಮೈ ಹಸ್ಬೆಂಡ್?"

ಸಾಹೇಬರ ಕೈಯಿಂದ ರೊಟ್ಟಿಯ ಚೂರು ಬಿತ್ತು. "ವಾಟ್?"

ಸರ್ವೋತ್ತಮ ನೆಲ ನೋಡುತ್ತಾ ಎಲ್ಲವನ್ನೂ ಒಪ್ಪಿಕೊಂಡ. ಕಟ್ ಟು ದ ಚೇಸ್. ಬೆರಳು ತೋರಿಸಿದ್ದು. ಕತ್ತರಿಸಿ ಓಡಿಸುವುದು. ಉಣ್ಣದ ಅನ್ನ. ಸಾಹೇಬರು ಈ ಸಲ ನಗಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು, ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದರು. ಸುತ್ತಿ ಬಳಸಿ ಮಾತಾಡದೆ ನೇರ ವಿಷಯಕ್ಕೆ ಬಾ, ಅಷ್ಟೇ ಅದರ ಅರ್ಥ. ಅಂದು ಸರ್ವೋತ್ತಮ ಹವಾನಿಯಂತ್ರಣ ಯಂತ್ರದ ರಿಪೇರಿಯ ಬಗ್ಗೆ ಅರ್ಧ ಗಂಟೆಯಿಂದ ಮಾತಾಡುತ್ತಿದ್ದ, ಹಾಗಾಗಿ ಹೇಳಿದ್ದು. ಯಾರ ಕೆಲಸವೂ ಹೋಗುವುದಿಲ್ಲ.

ಸರ್ವೋತ್ತಮನ ಎದೆಯ ಮೇಲಿಂದ ಕಲ್ಲುಚಪ್ಪಡಿ ಇಳಿಯಿತು. ಅದು ಇಳಿದದ್ದೇ, ಅದನ್ನು ಹೊತ್ತು ತಂದು ಅಲ್ಲಿ ಇಟ್ಟವನು ತಾನೇ ಎಂಬುದೂ ಹೊಳೆಯಿತು.

"ಇನ್ನು ನಿಮ್ಮ ಜೊತೆ ಸ್ಲ್ಯಾಂಗ್ ಇಲ್ಲ. ಬರೀ ಸಾದಾ ಇಂಗ್ಲಿಷ್. ಪ್ರಾಮಿಸ್," ಎಂದರು ಸಾಹೇಬರು. ಮಳೆ ನಿಂತು, ಅವರ ಗೆಳೆಯನ ಎತ್ತರದ ಜೀಪು ಕೆಳಗೆ ಬಂದು ಹಾರ್ನ್ ಮಾಡಿದಾಗ, ಲುಂಗಿಯಲ್ಲೇ ಹೊರಟರು. ಬಾಗಿಲಲ್ಲಿ ನಿಂತು, ಒಂದೊಂದೇ ಶಬ್ದವನ್ನು ಬಿಡಿಸಿ ಬಿಡಿಸಿ ಹೇಳಿದರು: "ಸಂಡೇ. ಆಫೀಸ್. ಪ್ಲೀಸ್ ಬ್ರಿಂಗ್ ಚಿಕನ್."

ಬಾಗಿಲು ಮುಚ್ಚಿತು. ಸರ್ವೋತ್ತಮ ಅಲ್ಲೇ ನಿಂತು ಗದ್ದ ಕೆರೆದುಕೊಂಡ. ಹುಬ್ಬು ಮೆಲ್ಲನೆ ಗಂಟಾಯಿತು.

"ಎಂತಾಯ್ತು ಪುನಃ?" ಉಮಾವತಿ ಕೇಳಿದಳು.

"ಅಲ್ಲ ಉಮಾ... ಚಿಕನ್ ಅಂದ್ರೆ ಅಮೆರಿಕದಲ್ಲಿ ಕೋಳಿ ಮಾತ್ರ ಅಲ್ಲ. ಪುಕ್ಕಲ ಅಂತಲೂ ಅರ್ಥ ಉಂಟು. ಭಾನುವಾರ ಆಫೀಸಿಗೆ ಒಬ್ಬ ಪುಕ್ಕಲ ಬರ್ಬೇಕು ಅಂತ ಹೇಳಿದ್ದಿರ್ಬಹುದಾ?"

ಉಮಾವತಿ ಖಾಲಿ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೊರಟಳು. "ಹಾಗಿದ್ರೆ ನೀವು ಹೋದ್ರೆ ಸಾಕು. ಕೋಳಿ ನಾನು ಯುಸ್ಟೇಸಿನ ಕೈಯಲ್ಲಿ ಕಳಿಸ್ತೇನೆ!"